ಅರಿಶಿನ ನೀರು ಬಿದ್ದ ಗಾಜಿನ ಗಿಳಿ

ಕಳೆದ ವರ್ಷದ ಮಾತು. ರಾಯಚೂರಿನ ಕಾಲೇಜೊಂದರ ರಸಾಯನಶಾಸ್ತ್ರ ವಿಭಾಗದಲ್ಲಿ ಗ್ಲಾಸ್ ಬ್ಲೋಯರ್ ಆಗಿದ್ದ ನಾನು ಆಗಷ್ಟೇ ನಿವೃತ್ತನಾಗಿದ್ದೆ. ಬಿರುಕು ಬಿಟ್ಟ ಫ್ಲಾಸ್ಕು, ಕಂಡೆನ್ಸರ್‌ಗಳನ್ನು ಬೆಂಕಿಯಲ್ಲಿ ಕಾಯಿಸಿ ಕೂಡಿಸುವುದು ನನ್ನ ಕೆಲಸ. ನಾನು ಹೊರಬಂದ ದಿನವೇ ನನ್ನ ಕೆಲಸದ ಕೋಣೆಗೆ ಬೀಗ ಬಿತ್ತು. ಈ ವಿದ್ಯೆ ನನ್ನೊಂದಿಗೇ ಮುಗಿಯಿತಲ್ಲ ಎಂಬ ಸಂಕಟ ಬಿಡದೆ ಕಾಡುತ್ತಿತ್ತು.

ಆಗ ದೇವದುರ್ಗದ ಮಹಿಳಾ ಸಂಘದ ನೀಲಮ್ಮ ತಮ್ಮ ಕರಕುಶಲ ಮೇಳಕ್ಕೆ ಕರೆದರು. "ನೀವು ಮಾಡಿ ತೋರಿಸ್ರಿ ಸರ್. ಕಲಿಯಾಕ ನಾಕು ಮಂದಿ ಮುಂದ ಬಂದ್ರ ಸಂಘದ ಶೆಡ್ಡಿನ್ಯಾಗ ಕ್ಲಾಸ್ ಶುರು ಮಾಡೂಣು. ಇಲ್ಲಾಂದ್ರ ಶೆಡ್ಡು ಹೊಲಿಗಿ ಮಷೀನಿಗೆ ಹೋಗ್ತದ" ಎಂದು ನೇರವಾಗಿಯೇ ಹೇಳಿದರು. ಬರ್ನರ್, ಸಿಲಿಂಡರ್ ಎಲ್ಲವನ್ನೂ ಟಂಟಂ ಆಟೋದಲ್ಲಿ ಹೇರಿಕೊಂಡು ಹೊರಟೆ.

ಮಧ್ಯಾಹ್ನಕ್ಕೆ ಶಾಮಿಯಾನ ತುಂಬಿತು. ಗಾಜಿನ ಕಡ್ಡಿ ಕೆಂಪಾಗಿ ಬೆಲ್ಲದ ಪಾಕದಂತೆ ಬಾಗುವುದನ್ನು ಜನ ಬಾಯಿ ಬಿಟ್ಟುಕೊಂಡು ನೋಡಿದರು. ಕೊಕ್ಕು ಎಳೆದು, ರೆಕ್ಕೆ ಕೂಡಿಸಿ, ಒಂದು ಗಿಳಿ ಮಾಡಿ ಸ್ಟ್ಯಾಂಡಿನ ಮೇಲಿಟ್ಟೆ. ಥಟ್ಟನೆ ತಣಿದರೆ ಸಿಡಿಯುವ ಬಿಸಿ ಗಾಜು ನಿಧಾನವಾಗಿ ಆರಬೇಕು. ಇದಕ್ಕೆ ಅನೀಲಿಂಗ್ ಎನ್ನುತ್ತೇವೆ. ಅದಕ್ಕಾಗಿ ಜ್ವಾಲೆ ಸಣ್ಣದು ಮಾಡಲು ಆಚೆ ತಿರುಗಿದೆ.

ಅಷ್ಟರಲ್ಲಿ ನೀಲಮ್ಮನ ಅತ್ತೆ ಶರಣಮ್ಮ ತಂಬಿಗೆ ಹಿಡಿದು ಬಂದರು. ಯಾವ ಹೊಸ ವಸ್ತುವಿಗೂ ಅರಿಶಿನ ನೀರು ಚಿಮುಕಿಸದೆ ಬಿಡದ ಜೀವ ಅದು. "ಎಷ್ಟು ಚಂದ ಆಗ್ಯಾದ! ದೃಷ್ಟಿ ಆಗಬಾರದವ್ವ" ಎನ್ನುತ್ತ ಕೈತುಂಬ ನೀರು ಚಿಮುಕಿಸಿಯೇ ಬಿಟ್ಟರು. ಟಪ್ಪೆಂದು ಗಿಳಿಯ ತಲೆ ಒಂದು ಕಡೆ, ಮೈ ಒಂದು ಕಡೆ.

ಪಕ್ಕದ ಮಳಿಗೆಯಲ್ಲಿದ್ದ ಮಾನ್ವಿಯ ಬಳೆಗಾರ್ತಿ, "ಮೊದಲ ಪೂಜೀಗೇ ಒಡೀತಲ್ಲ, ಇದು ನಮಗ ಒಗ್ಗೂದಲ್ಲ ಬಿಡ್ರಿ" ಎಂದಳು. ಜನ ಕದಲತೊಡಗಿದರು. ಕ್ಲಾಸಿನ ಆಸೆಯೂ ಗಿಳಿಯ ಜೊತೆಗೇ ಹೋಯಿತೆಂದು ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಶರಣಮ್ಮ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ಸರಿಯತೊಡಗಿದ್ದರು. ಅದನ್ನು ನೋಡಿ ಸಿಟ್ಟು ಇಳಿಯಿತು, ಉಪಾಯವೂ ಹೊಳೆಯಿತು.

"ಯವ್ವಾ, ನಿಲ್ರಿ. ನಿಮ್ಮ ನೀರಿನ ಕೆಲಸ ಇನ್ನೂ ಅದ" ಎಂದೆ.

ಒಂದು ಗಾಜಿನ ಕೊಳವೆಗೆ ಅರದಿಂದ ಗೀರು ಹಾಕಿ, ಅಲ್ಲಿ ಮಾತ್ರ ಕಾಯಿಸಿದೆ. "ಈ ಗೀರಿನ ಮ್ಯಾಲ ಒಂದ ಹನಿ ಬಿಡ್ರಿ." ಅವರು ಹೆದರುತ್ತಲೇ ಬೆರಳ ತುದಿಯಿಂದ ಹನಿ ಬಿಟ್ಟರು. ಚಾಕುವಿನಲ್ಲಿ ಕೊಯ್ದಂತೆ ಕೊಳವೆ ಎರಡಾಯಿತು. ಪ್ರಯೋಗಾಲಯದಲ್ಲಿ ದಪ್ಪ ಕೊಳವೆಗಳನ್ನು ನಾನು ತುಂಡರಿಸುತ್ತಿದ್ದುದೇ ಹೀಗೆ.

"ಅಯ್ಯ, ನಾನ ಕೊಯ್ದೆನೇನು!" ಶರಣಮ್ಮ ಕಣ್ಣರಳಿಸಿದರು. ಶಾಮಿಯಾನವೆಲ್ಲ ನಗು. "ಮಾಸ್ತರಾ, ಕಲಿಯೋರಾಗ ನನ್ನ ಹೆಸರು ಮೊದಲು ಹಚ್ಚು!" ಅವರ ಹಿಂದೆ ಮೂವರು ಹುಡುಗಿಯರು ಕೈ ಎತ್ತಿದರು. ನೀಲಮ್ಮ ಕೇಳಿದ್ದ ನಾಲ್ಕು ಮಂದಿ ಆದರು.

ಈಗ ಶೆಡ್ಡಿನಲ್ಲಿ ಕ್ಲಾಸ್ ನಡೆಯುತ್ತಿದೆ. ಬರ್ನರ್ ಹಚ್ಚುವ ಮುನ್ನವೇ ಶರಣಮ್ಮನ ಪೂಜೆ ಮುಗಿದು, ತಂಬಿಗೆ ಬಾಗಿಲಾಚೆ ಹೋಗಿರುತ್ತದೆ. ಬಿರುಕನ್ನು ಮುಚ್ಚುವುದೇ ನನ್ನ ವೃತ್ತಿ ಎಂದು ತಿಳಿದಿದ್ದೆ. ಅದನ್ನು ಎಲ್ಲರೆದುರು ಬಿಚ್ಚಿ ತೋರಿಸುವುದೂ ವೃತ್ತಿಯೇ ಎಂದು ಆವತ್ತು ಕಲಿತೆ. ಆ ಗಿಳಿಯನ್ನು ನಾನು ಕೂಡಿಸಲಿಲ್ಲ. ಹೊಸದಾಗಿ ಸೇರಿದವರ ಕೈಗೆ ಅದನ್ನು ಕೊಟ್ಟು, "ಇದು ನಾ ಒಡದಿದ್ದು, ಹ್ಯಾಂಗ ಒಡೀತು ಹೇಳ್ತೀನಿ ಕೇಳ್ರಿ" ಎಂದು ಮೊದಲ ಪಾಠ ಶರಣಮ್ಮನೇ ಮಾಡುತ್ತಾರೆ.