ಶೈಲಾಳ ಮ್ಯಾಟರ್

ಬೊಂಬಾಯಿಗೆ ಬಂದು ಡೊಂಬಿವ್ಲಿಯಲ್ಲಿ ಮೊದಲ ಸಲ ಲೋಕಲ್ ರೈಲು ಹತ್ತಿದ ದಿನ ನನ್ನ ಕಾಲು ನೆಲಕ್ಕೆ ತಾಗಲೇ ಇಲ್ಲ. ಜನರೇ ಎತ್ತಿಕೊಂಡು ಹೋಗಿ ಥಾಣೆಯಲ್ಲಿ ಇಳಿಸಿದರು. ಉಡುಪಿಯ ಬಸ್ಸಿನಲ್ಲಿ ಭುಜ ತಾಗಿದರೆ ಯಾರ ಮಗ ಎಂದು ಕೇಳುತ್ತಾರೆ. ಇಲ್ಲಿ ಎದೆಗೆ ಎದೆ ಒತ್ತಿ ನಿಂತವರೂ ಮುಖ ನೋಡುವುದಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಈ ಊರಿನ ಭಾಷೆ ಕಲಿತದ್ದು ಹೋಟೆಲಿನ ದೋಸೆ ಕಾವಲಿಯ ಮುಂದೆ. ಮೊದಲು ಕಲಿತ ಪದ 'ಮ್ಯಾಟರ್'. ಊರಿನಲ್ಲಿ ಹೊಡೆದಾಟ, ಪೊಲೀಸು, ಓಡಿಹೋದ ಹುಡುಗಿ ಎಂದು ಬೇರೆ ಬೇರೆ ಹೇಳುವುದೆಲ್ಲ ಇಲ್ಲಿ ಒಂದೇ ಮ್ಯಾಟರ್. "ಮ್ಯಾಟರ್ ಅಂತ ಯಾರು ಕೇಳಿದ್ರೂ ಗೊತ್ತಿಲ್ಲ ಅನ್ನು ಮಾರಾಯ," ಎಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಭಟ್ರು ಕಲಿಸಿದ್ದರು.

ತಂಗಿ ಶೈಲಾ ಎಮ್ಮೆಸ್ಸಿ ಓದಲು ಬಂದು ನನ್ನ ಕೋಣೆಯಲ್ಲೇ ಉಳಿದಳು. ಸಂಶೋಧನೆಗೆ ಅರ್ಜಿ ಹಾಕುವಾಗ ಅವಳ ಫೋನು ಕೆಟ್ಟಿತ್ತು. ನನ್ನ ನಂಬರ್ ಕೊಟ್ಟಿದ್ದಳಂತೆ, ನನಗದು ಗೊತ್ತಿರಲಿಲ್ಲ. ಮಧ್ಯಾಹ್ನದ ಗಡಿಬಿಡಿಯಲ್ಲಿ ಯಾರೋ ಗಂಡಸು ಹಿಂದಿಯಲ್ಲಿ ಕೇಳಿದ: ಶೈಲಾ ಇದ್ದಾಳಾ, ಡಾರ್ಕ್ ಮ್ಯಾಟರ್ ವಿಷಯ ಮಾತಾಡಬೇಕು. ಮ್ಯಾಟರ್ ಸಾಲದೆಂದು ಅದೂ ಕತ್ತಲಿನದು! ಹೆದರಿಬಿಟ್ಟೆ.

"ರಾಂಗ್ ನಂಬರ್. ಇಧರ್ ಐಸಾ ಕೋಯಿ ನಹೀ," ಎಂದೆ. ಅಂಥವರು ಇಲ್ಲಿ ಯಾರೂ ಇಲ್ಲ. ಸ್ವಂತ ತಂಗಿಯ ಬಗ್ಗೆ.

ಕರೆಗಾಗಿ ಕಾದು ಕಾದು ಅವಳು ಬೇಲಾಪುರದ ಆಫೀಸೊಂದಕ್ಕೆ ಸೇರಿದಳು. "ಡಾರ್ಕ್ ಮ್ಯಾಟರ್ ಓದ್ಬೇಕು ಅಂತ ಇತ್ತು ಅಣ್ಣ, ಅವರು ಕರೀಲೇ ಇಲ್ಲ," ಎಂದಾಗಲೇ ಆ ಫೋನು ಎಲ್ಲಿಯದೆಂದು ನನಗೆ ಹೊಳೆದದ್ದು. ಬಾಯಿ ಬಿಡಲಿಲ್ಲ.

ಒಂದು ಭಾನುವಾರ ಸಂಜೆ ಥಾಣೆಯ ಖಾಡಿ, ಅಂದರೆ ಸಮುದ್ರದ ಹಿನ್ನೀರಿನ ದಡದಲ್ಲಿ ಕೂತಿದ್ದೆವು. ಸೇತುವೆಯ ಮೇಲೆ ಲೋಕಲ್ ತೇಲಿದಂತೆ ಹೋಗುತ್ತಿತ್ತು. ಜನ ಕಾಣುತ್ತಿರಲಿಲ್ಲ, ಬೆಳಕಿನ ಕಿಟಕಿಗಳು ಮಾತ್ರ.

"ಆ ಡಾರ್ಕ್ ಮ್ಯಾಟರ್ ಅಂದ್ರೆ ಎಂತದು?"

"ಕಣ್ಣಿಗೆ ಕಾಣದ್ದು. ಅದರ ಎಳೆತಕ್ಕೇ ನಕ್ಷತ್ರಗಳೆಲ್ಲ ಗುಂಪು ಕಟ್ಟಿದ್ದು."

"ನಮ್ಮ ಲೋಕಲಿನ ಹಾಗಾ?"

ನಕ್ಕಳು. "ಅದರ ಕಣಗಳು ಒಂದಕ್ಕೊಂದು ತಾಗದೆ ಹಾದುಹೋದ್ರೆ ನಡುವಿನಲ್ಲಿ ಒತ್ತೊತ್ತಾಗಿ ತುಂಬ್ತವೆ. ಡಿಕ್ಕಿ ಹೊಡೀತಾ ಇದ್ರೆ ನಡು ಸಡಿಲ ಆಗ್ತದೆ. ತಾಗ್ತವಾ ಇಲ್ವಾ, ಯಾರಿಗೂ ಸರಿ ಗೊತ್ತಿಲ್ಲ. ನಂಗೆ ಅದನ್ನೇ ಹುಡುಕ್ಲಿಕ್ಕಿತ್ತು."

ಒಂದೇ ಕೋಣೆಯಲ್ಲಿ ಆ ಒಂದು ಮಾತಿಗೆ ತಾಗದೆ ಎಷ್ಟು ದಿನ ಓಡಾಡಿದ್ದೆ! ಆ ಫೋನಿನ ಕತೆ ಅಲ್ಲೇ ಹೇಳಿಬಿಟ್ಟೆ.

ಅವಳು ನನ್ನ ಕಡೆ ತಿರುಗಿದಳು. "ಪೊಲೀಸ್ ಮ್ಯಾಟರ್ ಅಂದ್ಕೊಂಡ್ಯಾ?" ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಪುನಃ ಅರ್ಜಿ ಹಾಕ್ತೇನೆ. ನಿನ್ನ ನಂಬರ್ ಮಾತ್ರ ಕೊಡುದಿಲ್ಲ."

ಊರಿಗೆ ಹೋದರೆ ನಾನು ಬೊಂಬಾಯಿಯವ, ಇಲ್ಲಿ ಮದ್ರಾಸಿ. ಎಲ್ಲಿಯವನೆಂದು ಕೇಳಿದರೆ ಯಾವ ಊರಿನ ಹೆಸರೂ ಥಟ್ಟನೆ ಬಾಯಿಗೆ ಬರುವುದಿಲ್ಲ. ಆದರೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ, ಯಾರದೇ ಇರಲಿ, ಮೊದಲು ಹೇಳುತ್ತೇನೆ: "ಶೈಲಾಳ ಅಣ್ಣ ಮಾತಾಡುದು."