ಅಣ್ಣ ಕಟ್ಟಿದ ಎಂಜಿನ್

ನನ್ನ ಅಣ್ಣ ವಿಮಾನ ಹಾರಿಸುತ್ತಿರಲಿಲ್ಲ, ರಿಪೇರಿ ಮಾಡುತ್ತಿದ್ದ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ನೆಂಟರಲ್ಲಿ ಅರ್ಧ ಜನ ಇವತ್ತಿಗೂ ಅವನನ್ನು ಪೈಲಟ್ ಮಾಡಿ ಕೂರಿಸಿದ್ದಾರೆ. ಪೈಲಟ್ ಆದರೆ ಮಾತ್ರ ಮರ್ಯಾದೆಯೇನು? ನನಗೆ ಫಿಟ್ಟರ್ ಅಣ್ಣನೇ ಸಾಕು. ಅವನ ಹೆಸರು ಬಂದರೆ ಈಗಲೂ ನನಗೆ ಎದೆ ತುಂಬಿ ಬರುತ್ತದೆ.

ಅಪ್ಪನೂ ಫಿಟ್ಟರೇ. ಹುಬ್ಬಳ್ಳಿಯಿಂದ ವರ್ಗವಾಗಿ ಪುಣೆಯ ರೈಲ್ವೆ ಎಂಜಿನ್ ಶೆಡ್ಡಿಗೆ ಬಂದವರು. ದಂಡಿನ ಕ್ಯಾಂಪಿನ ಹಿಂದಿನ ಓಣಿಯಲ್ಲಿ, ಒಂದೇ ಅಂಗಳದ ಸುತ್ತ ಹತ್ತಾರು ಸಂಸಾರಗಳಿದ್ದ ಒಂದು ವಾಡೆಯ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಅಣ್ಣ ವಿಮಾನದಳ ಸೇರಿದ. ಬಿಳಿಯರ ಚಾಕರಿ ಎಂದು ವಾಡೆಯವರು ಮೂಗು ಮುರಿದರು. ನಿಮ್ಮ ಮಗ ಪೋಸ್ಟಾಫೀಸಿನಲ್ಲಿ ಯಾರ ಚಾಕರಿ ಮಾಡುತ್ತಾನೆ ಎಂದು ಅವ್ವ ಅವರ ಮರಾಠಿಯಲ್ಲೇ ಕೇಳಿ ಬಾಯಿ ಮುಚ್ಚಿಸಿದಳು.

ವಿಮಾನ ನಿಲ್ದಾಣ ಊರ ಹೊರಗಿತ್ತು. ರಜೆ ಸಿಕ್ಕರೆ ಅಣ್ಣ ಮನೆಗೆ ಬರುತ್ತಿದ್ದ. ಅಪ್ಪನ ಜೊತೆ ಊಟಕ್ಕೆ ಕೂತರೆ ಇಬ್ಬರದೂ ಎಂಜಿನ್ನಿನದೇ ಮಾತು.

"ರೊಟ್ಟಿ ತಣ್ಣಗಾಗ್ಲಿಕ್ಕತ್ತದ. ಎಂಜಿನ್ನ ಆಮ್ಯಾಲೆ ಬಿಚ್ಚಿ ನೋಡ್ರಿ," ಎಂದು ಅವ್ವ ಬೈಯುತ್ತಿದ್ದಳು.

ಒಂದು ಮಧ್ಯಾಹ್ನ ಸುದ್ದಿ ಬಂತು. ರಿಪೇರಿ ಮುಗಿಸಿ ಪರೀಕ್ಷೆಗೆಂದು ಹಾರಿಸಿದ ವಿಮಾನ ಬಿದ್ದಿತ್ತು. ಪೈಲಟ್ ಕಾಲು ಮುರಿದುಕೊಂಡು ಬದುಕಿದ. ಅವನ ಹಿಂದೆ ಕೂತಿದ್ದ ಅಣ್ಣ ಬದುಕಲಿಲ್ಲ. ಆ ಎಂಜಿನ್ನನ್ನು ಬಿಚ್ಚಿ ಕಟ್ಟಿದವನೂ ಅಣ್ಣನೇ.

ಜನಕ್ಕೆ ಇಷ್ಟು ಸಾಕಾಯಿತು. ಸಮಾಧಾನ ಹೇಳಲು ಬಂದವರು ಬಾಗಿಲು ದಾಟುವ ಮೊದಲೇ ಪಿಸುಗುಟ್ಟಿದರು: ತಾನೇ ಕಟ್ಟಿದ್ದಂತೆ, ಎಲ್ಲೋ ಕೈ ತಪ್ಪಿರಬೇಕು. ಅಂಥವರನ್ನು ರಟ್ಟೆ ಹಿಡಿದು ಹೊರಗೆ ದಬ್ಬಬೇಕೆನಿಸಿತು ನನಗೆ. ಅಪ್ಪನ ಕಿವಿಗೂ ಆ ಮಾತು ಬಿತ್ತು. ಹದಿಮೂರನೆಯ ದಿನ ಮುಗಿದರೂ ಅವರು ಶೆಡ್ಡಿನ ಕಡೆ ತಲೆ ಹಾಕಲಿಲ್ಲ.

"ಎಷ್ಟಂತ ದುಃಖಾ ಮಾಡ್ಕೊಂಡು ಕೂಡ್ತೀರಿ?" ಎಂದಳು ಅವ್ವ.

"ದುಃಖದ ಮಾತಲ್ಲ. ಕೆಲಸಾ ಕಲಿಸಿದಾಂವ ನಾ. ಅವನ ಕೈ ತಪ್ಪಿತ್ತಂದ್ರ ಯಾವ ಮಾರಿ ಇಟ್ಕೊಂಡು ಮತ್ತ ನಟ್ಟು ಬಿಗಿಯೋ ಪಾನಾ ಹಿಡೀಲಿ?"

ಕೆಲವು ವಾರಗಳ ಮೇಲೆ ಆ ಪೈಲಟ್ ಊರುಗೋಲು ಊರಿಕೊಂಡು ನಮ್ಮ ಮನೆಗೆ ಬಂದ. ಸಾತಾರದ ಕಡೆಯವನು, ಮಾತೆಲ್ಲ ಮರಾಠಿ. ಕೂರಿ ಎನ್ನುವುದನ್ನೂ ಮರೆತು ಅಪ್ಪ ಮೊದಲು ಕೇಳಿದ್ದು ಒಂದೇ: ಎಂಜಿನ್ ನಿಂತಿತ್ತೇ? ನನಗೆ ಮೈಯೆಲ್ಲ ಉರಿಯಿತು. ಮಗನಿಗೆ ನೋವಾಯಿತೇ ಎಂದು ಕೇಳುವುದು ಬಿಟ್ಟು ಎಂಜಿನ್ನಂತೆ!

ಇಲ್ಲ ಎಂದ ಪೈಲಟ್. ಇಳಿಯಲು ತಿರುಗುತ್ತಿದ್ದಾಗ ರಣಹದ್ದೊಂದು ಎದುರಿನ ಗಾಜಿಗೆ ಬಡಿಯಿತು. ಗಾಜು ಒಡೆದು ಅವನಿಗೆ ಕಣ್ಣು ಬಿಡಲಾಗಲಿಲ್ಲ, ವಿಮಾನ ವಾಲಿ ನೆಲಕ್ಕೆ ಬಡಿಯಿತು. ಅಲ್ಲಿಯ ತನಕ ಎಂಜಿನ್ ಒಮ್ಮೆಯೂ ತಡವರಿಸಲಿಲ್ಲ. ತನಿಖೆಯಲ್ಲೂ ಇದನ್ನೇ ಹೇಳಿದ್ದೇನೆ, ನಿಮಗೆ ಖುದ್ದಾಗಿ ಹೇಳಬೇಕೆಂದು ಬಂದೆ ಎಂದ.

ಅಂಗಳದಲ್ಲಿ ವಾಡೆಯವರೆಲ್ಲ ಸೇರಿದ್ದರು. ಅಪ್ಪ ಬಾಗಿಲನ್ನು ಪೂರಾ ತೆರೆದು, ಇನ್ನೊಮ್ಮೆ ಹೇಳಿ, ಸ್ವಲ್ಪ ಜೋರಾಗಿ ಎಂದರು. ಅವನು ಹೇಳಿದ. ಪಿಸುಗುಟ್ಟಿದ್ದ ಒಬ್ಬೊಬ್ಬರ ಮುಖವನ್ನೂ ನಾನು ಬೇಕೆಂದೇ ನೋಡಿದೆ.

ಆಗ ಅವ್ವ ಕೇಳಿದಳು, ಹಾರಿಸುವುದು ನಿನ್ನ ಕೆಲಸ, ರಿಪೇರಿಯವನು ಯಾಕೆ ಹತ್ತಬೇಕಿತ್ತು ಎಂದು. ಪೈಲಟ್ ತಲೆ ತಗ್ಗಿಸಿದ. ಹತ್ತಲೇಬೇಕೆಂಬ ನಿಯಮವಿರಲಿಲ್ಲ, ಬೇಡವೆಂದು ತಾನೂ ಹೇಳಿದ್ದ. ಅಣ್ಣ ಕೇಳಲಿಲ್ಲ. ನಾನು ಕಟ್ಟಿದ ಎಂಜಿನ್ನಿನ ಮೊದಲ ಓಟಕ್ಕೆ ನಾನೇ ಕೂರದೆ ಇನ್ನೊಬ್ಬರ ಜೀವ ಪಣಕ್ಕಿಡುವುದಿಲ್ಲ, ನಮ್ಮ ಮನೆಯಲ್ಲಿ ಹೀಗೇ ಎಂದಿದ್ದನಂತೆ.

ಅವ್ವ ಅಪ್ಪನ ಕಡೆ ತಿರುಗಿದಳು. ಶೆಡ್ಡಿನಲ್ಲಿ ತಾವು ರಿಪೇರಿ ಮಾಡಿದ ಪ್ರತಿ ಎಂಜಿನ್ನಿನ ಮೊದಲ ಓಟಕ್ಕೆ ಅಪ್ಪ ಡ್ರೈವರನ ಪಕ್ಕ ನಿಂತು ಹೋಗಿಬರುತ್ತಿದ್ದದ್ದು ನಮಗೆಲ್ಲ ಗೊತ್ತಿತ್ತು.

"ನಾನ ಕಲಿಸಿದ್ದು," ಎಂದರು ಅಪ್ಪ, ನೆಟ್ಟಗೆ ನಿಂತು, ಹೆಮ್ಮೆಯಿಂದಲೇ. ಹಾಗೆಂದ ಮೇಲೆ ತಾವು ಹೇಳಿದ್ದೇನೆಂಬುದು ಅವರಿಗೇ ತಿಳಿಯಿತು: ಮಗನನ್ನು ಆ ವಿಮಾನ ಹತ್ತಿಸಿದ್ದು ಅದೇ ಪಾಠ. ಗೋಡೆಗೆ ಒರಗಿ ಕುಸಿದು ಕೂತು ಅತ್ತರು. ಮಗ ಸತ್ತ ಮೇಲೆ ಅವರು ಅತ್ತದ್ದು ಅದೇ ಮೊದಲು.

ಅವ್ವ ಪಕ್ಕದಲ್ಲಿ ಕೂತು ಅವರ ಬೆನ್ನ ಮೇಲೆ ಕೈಯಿಟ್ಟಳು.

"ಛಲೋದನ್ನ ಕಲಿಸೀರಿ," ಎಂದಳು. "ನಾಳೆ ಶೆಡ್ಡಿಗೆ ಹೋಗ್ರಿ."