ಒಂದೇ ಗಂಗಾಳದ ಊಟ

2006ರಲ್ಲಿ ನಾನು ಹೊಸಪೇಟೆಯಿಂದ ಸಂಡೂರಿಗೆ ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಅಲ್ಲಿನ ಮಾನಸಿಕ ಆರೋಗ್ಯ ಕ್ಲಿನಿಕ್‌ನಲ್ಲಿ ನಾನು ಸೋಶಿಯಲ್ ವರ್ಕರ್. ಡಾಕ್ಟರು ಔಷಧ ಬರೆಯುತ್ತಿದ್ದರು. ಅದು ರೋಗಿಯ ಹೊಟ್ಟೆಗೆ ಹೋಗುತ್ತಿದೆಯೇ, ಮನೆಯವರು ಹೇಗಿದ್ದಾರೆ ಎಂದು ನೋಡುವುದು ನನ್ನ ಕೆಲಸ. ಕಬ್ಬಿಣದ ಅದಿರಿನ ಭರಾಟೆಯ ಕಾಲ. ದಾರಿಯುದ್ದಕ್ಕೂ ಲಾರಿಗಳ ಸಾಲು. ಆ ಕೆಂಪು ಧೂಳಿಗೆ ಹೆದರಿ ತಿಳಿಬಣ್ಣದ ಸೀರೆ ಉಡುವುದನ್ನೇ ಬಿಟ್ಟಿದ್ದೆ.

ಚೋರನೂರಿನ ಈರಮ್ಮ ತನ್ನ ಗಂಡ ಹುಲುಗಪ್ಪನನ್ನು ಕರೆದುಕೊಂಡು ಬಂದದ್ದು ಆ ವರ್ಷದ ಬೇಸಿಗೆಯಲ್ಲಿ. ಅವನು ಅದಿರಿನ ಟಿಪ್ಪರ್ ಓಡಿಸುತ್ತಿದ್ದ ಡ್ರೈವರ್. ಬೇರೆ ಲಾರಿಯವರು ತನ್ನನ್ನು ಮುಗಿಸಲು ಊಟದಲ್ಲಿ ವಿಷ ಹಾಕಿಸುತ್ತಿದ್ದಾರೆ ಎಂಬ ಸಂಶಯ ಹತ್ತಿ, ಸ್ಟೇರಿಂಗ್ ಬಿಟ್ಟು ಮನೆಯಲ್ಲಿ ಕುಳಿತಿದ್ದ. ಯಾರೂ ಇಲ್ಲದಾಗಲೂ ಅವರ ಮಾತು ಕಿವಿಗೆ ಬೀಳುತ್ತಿತ್ತು. ಡಾಕ್ಟರು ಸ್ಕಿಜೋಫ್ರೇನಿಯಾ ಎಂದು ಬರೆದರು. ತನಗೆ ಕಾಯಿಲೆಯಿದೆ ಎಂಬುದೇ ರೋಗಿಗೆ ಗೊತ್ತಾಗದಿರುವುದು ಈ ಕಾಯಿಲೆಯ ದೊಡ್ಡ ತೊಡಕು. ಹುಲುಗಪ್ಪ ಗುಳಿಗೆಯನ್ನು ಕೈಯಲ್ಲೂ ಮುಟ್ಟಲಿಲ್ಲ.

ಗುಳಿಗೆ ಅರೆದು ಪಲ್ಯದಲ್ಲಿ ಬೆರೆಸುವ ಉಪಾಯ ನನ್ನದು. ಡಾಕ್ಟರು ಮೊದಲು ಹಿಂಜರಿದರು. ನಾನೇ ವಾದ ಮಾಡಿ ಒಪ್ಪಿಸಿದೆ. ಅವನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುವವಳು ಎಂಬ ಜಂಬ ನನಗೆ. ಈರಮ್ಮ ತಲೆ ತಗ್ಗಿಸಿ, "ಆತ್ರಿ ಮೇಡಂ," ಎಂದಳು. ಅವಳಿಗೆ ಬೇರೇನೋ ಹೇಳಲಿಕ್ಕಿತ್ತು ಎಂದು ಈಗ ಅನ್ನಿಸುತ್ತದೆ. ನಾನು ಮುಂದಿನ ಫೈಲು ತೆಗೆದಿದ್ದೆ.

ತಿಂಗಳು ಕಳೆದರೂ ಅವನಲ್ಲಿ ಸುಧಾರಣೆ ಕಾಣಲಿಲ್ಲ. ನನ್ನ ವರದಿ ನೋಡಿ ಡಾಕ್ಟರು ಡೋಸ್ ಹೆಚ್ಚಿಸಿದರು. ಔಷಧ ಒಯ್ಯಲು ಬರುತ್ತಿದ್ದ ಈರಮ್ಮ ಮಾತ್ರ ವಾರದಿಂದ ವಾರಕ್ಕೆ ಮಂಕಾಗುತ್ತಿದ್ದಳು. ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಬೆಂಚಿನ ಮೇಲೆ ಕುಳಿತಲ್ಲೇ ತೂಕಡಿಕೆ. ರೋಗಿಯ ಆರೈಕೆಯಲ್ಲಿ ಸೋತ ಹೆಂಗಸು ಎಂದುಕೊಂಡು ಫೈಲಿನಲ್ಲಿ 'ಖಿನ್ನತೆ?' ಎಂದು ಬರೆದೆ. ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇ ನನ್ನ ಪುಣ್ಯ.

ಮಳೆಗಾಲದ ಒಂದು ಮಧ್ಯಾಹ್ನ ಹೇಳದೆ ಕೇಳದೆ ಅವರ ಮನೆಗೆ ಹೋದೆ. ಈರಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆ ಸೀಮೆಯ ಹೆಣ್ಣುಮಕ್ಕಳ ಕೈ ರೊಟ್ಟಿಯ ಮೇಲೆ ಓಡುವುದನ್ನು ನೋಡಬೇಕು. ಇವಳ ಕೈ ಓಡುತ್ತಿರಲಿಲ್ಲ, ನಡುಗುತ್ತಿತ್ತು. ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿದಿತ್ತು. ತುಟಿಯ ಅಂಚಿನಿಂದ ಇಳಿದ ಜೊಲ್ಲನ್ನು ಸೆರಗಿನಿಂದ ಒರೆಸಿಕೊಂಡಳು. ಇವೆಲ್ಲ ಆ ಗುಳಿಗೆಯ ಸೈಡ್ ಎಫೆಕ್ಟ್‌ಗಳು. ಗಂಡನಲ್ಲಿ ಕಾಣಬೇಕಾದದ್ದು ಹೆಂಡತಿಯಲ್ಲಿ ಕಾಣುತ್ತಿತ್ತು.

"ಕುಂದ್ರಿ ಮೇಡಂ," ಎಂದು ಹೇಳಿ ಅವಳು ಗಂಡನ ಮುಂದೆ ಊಟದ ಒಂದೇ ದೊಡ್ಡ ಗಂಗಾಳ ಇಟ್ಟಳು. ಬಡಿಸಿ, ತಾನೂ ಅದರ ಎದುರೇ ಕುಳಿತಳು. ಅವಳು ಪಲ್ಯ ಹಚ್ಚಿ ಒಂದು ತುತ್ತು ನುಂಗುವವರೆಗೆ ಹುಲುಗಪ್ಪ ಅವಳ ಗಂಟಲನ್ನೇ ನೋಡುತ್ತಿದ್ದ. ಆಮೇಲೆ ತಾನೊಂದು ತುತ್ತು. ಮತ್ತೆ ಅವಳು, ಮತ್ತೆ ಅವನು. ಪಲ್ಯದ ಹೆಚ್ಚು ಪಾಲು ಹೋದದ್ದು ಅವಳ ಹೊಟ್ಟೆಗೇ.

ಈರಮ್ಮನನ್ನು ಹಿತ್ತಲಿಗೆ ಕರೆದು, "ಮೊದ್ಲ ಯಾಕ ಹೇಳ್ಲಿಲ್ಲವ್ವಾ?" ಎಂದು ಕೇಳಿದೆ.

"ಹೆಂಗ ಹೇಳ್ಲಿ ಮೇಡಂ? ಗಂಡನ ಕೂಡ ಒಂದ ಗಂಗಾಳದಾಗ ಉಣ್ಣತೀನಿ ಅನ್ನಾಕ ಭಾಳ ನಾಚಿಕಿ ಬಂತು. ಮಂದಿ ಏನಂತಾರ? ನಾ ತಿನ್ಲಿಲ್ಲಂದ್ರ ಆತ ಉಪಾಸ ಇರ್ತಾನ್ರಿ."

ನನಗೆ ಅಳು ಬಂತು. ನಮ್ಮ ಕಡೆ ಹೆಂಡತಿ ಉಣ್ಣುವುದು ಗಂಡ ಉಂಡೆದ್ದ ಮೇಲೆ. ಎಲ್ಲ ಮನೆಯಲ್ಲೂ ಹಾಗೆಯೇ ಎಂದುಕೊಂಡಿದ್ದೆ, ಕೇಳಿಯೇ ಇರಲಿಲ್ಲ. ಊಟದಲ್ಲಿ ಬೆರೆಸು ಎಂದವಳು ಆ ಊಟ ಹೇಗೆ ನಡೆಯುತ್ತದೆ ಎಂದು ಕೇಳಬೇಡವೇ?

ಬೆರೆಸುವುದನ್ನು ನಿಲ್ಲಿಸಲೇಬೇಕಿತ್ತು. ನಿಲ್ಲಿಸಿದರೆ ಅವನಿಗೆ ಔಷಧವಿಲ್ಲ. ನಿಜ ಹೇಳಿದರೆ, ಊಟದಲ್ಲಿ ವಿಷವಿದೆ ಎಂದ ಅವನ ಮಾತಿಗೆ ನಾವೇ ಸಾಕ್ಷಿ ಹೇಳಿದಂತೆ. ಹೆಂಡತಿಯ ಕೈಯ ಅನ್ನವನ್ನು ಅವನು ಮತ್ತೆ ಮುಟ್ಟದಿರಬಹುದು. ಕ್ಲಿನಿಕ್‌ಗೆ ಮರಳಿ ಡಾಕ್ಟರಿಗೆ ಎಲ್ಲ ಹೇಳಿ, ಹುಲುಗಪ್ಪನಿಗೂ ನಿಜ ಹೇಳಿಬಿಡುತ್ತೇನೆ ಎಂದೆ. ಅವರು ಬೈಯಲಿಲ್ಲ. ಮರುದಿನ ಕ್ಲಿನಿಕ್ ಇಲ್ಲದಿದ್ದರೂ ತಾವೂ ಜೊತೆಗೆ ಬಂದರು.

"ಹುಲುಗಪ್ಪ, ಪಲ್ಯದಾಗ ಔಷಧ ಹಾಕ್ಸಿದ್ದು ನಾನು. ಈರಮ್ಮಂದು ತಪ್ಪಿಲ್ಲ," ಎಂದೆ. ಅವನು ಎದ್ದು ನಿಂತ. ಹೊಡೆಯುತ್ತಾನೆ ಎಂದೇ ಹೆದರಿದೆ. ಅವನು ನನ್ನತ್ತ ನೋಡಲಿಲ್ಲ, ಹೆಂಡತಿಯ ಕಡೆ ತಿರುಗಿದ.

"ಗೊತ್ತಿದ್ದೂ ತಿಂದಿಯೇನು?"

"ನೀವು ಉಣ್ಣಬೇಕಲ್ಲ," ಎಂದಳು ಈರಮ್ಮ.

ಅವನು ಹೊರಗೆ ಹೋದ. ಆ ವಾರವೆಲ್ಲ ಅಂಗಡಿಯ ಬಾಳೆಹಣ್ಣು, ಬಿಸ್ಕತ್ತು ತಿಂದುಕೊಂಡಿದ್ದನಂತೆ. ಮುಂದಿನ ಕ್ಲಿನಿಕ್ ದಿನ ನಾನು ಬಾಗಿಲು ತೆರೆಯುವ ಮೊದಲೇ ಇಬ್ಬರೂ ಬಂದು ನಿಂತಿದ್ದರು. ಹುಲುಗಪ್ಪ ಹೆಂಡತಿಯ ನಡುಗುವ ಕೈಯನ್ನು ಹಿಡಿದು ಡಾಕ್ಟರ ಮೇಜಿನ ಮೇಲೆ ಇಟ್ಟ.

"ಇದು ಮೊದ್ಲಿನಂಗ ಆಗ್ಬೇಕ್ರಿ. ನನಗೇನೂ ಆಗಿಲ್ಲ. ಆದ್ರ ನನ್ನ ಗುಳಿಗಿ ನನ್ನ ಕೈಯಾಗ ಕೊಡ್ರಿ. ಆಕಿ ತಿನ್ನೋದು ಬ್ಯಾಡ."

ಕಾಯಿಲೆಯನ್ನು ಅವನು ಒಪ್ಪಿಕೊಂಡಿರಲಿಲ್ಲ. ಗುಳಿಗೆಯನ್ನು ಮಾತ್ರ ಒಪ್ಪಿಕೊಂಡ. ಈರಮ್ಮನ ನಡುಕ ಕೆಲವು ವಾರಗಳಲ್ಲಿ ಇಳಿಯಿತು. ದೀಪಾವಳಿಯ ಹೊತ್ತಿಗೆ ಅವನ ಕಿವಿಯ ಮಾತುಗಳೂ ತಗ್ಗಿದವು. ಮರುವರ್ಷ ಊರಿನಲ್ಲೇ ಟ್ರ್ಯಾಕ್ಟರ್ ಓಡಿಸತೊಡಗಿದ.

ಆಮೇಲೆ ನಿವೃತ್ತಿಯವರೆಗೂ ಪ್ರತಿ ಹೊಸ ಕುಟುಂಬವನ್ನು ನಾನು ಮೊದಲು ಕೇಳುತ್ತಿದ್ದದ್ದು, ಮನೆಯಲ್ಲಿ ಯಾರು ಯಾರ ಜೊತೆ ಕುಳಿತು ಉಣ್ಣುತ್ತೀರಿ ಎಂದು. ರೋಗಿಗೆ ಬುದ್ಧಿ ಕೆಟ್ಟಿರಬಹುದು, ಅವನನ್ನು ಮೋಸಗೊಳಿಸುವ ಹಕ್ಕು ಅದರಿಂದ ನಮಗೆ ಸಿಗುವುದಿಲ್ಲ ಎಂಬುದನ್ನೂ ಆ ಮನೆಯಲ್ಲೇ ಕಲಿತೆ.

ಹುಲುಗಪ್ಪ ವರ್ಷಗಟ್ಟಲೆ ಕ್ಲಿನಿಕ್‌ಗೆ ಬಂದ. ಗುಳಿಗೆಯ ಪೊಟ್ಟಣವನ್ನು ತಾನೇ ಹರಿದು, ನನ್ನ ಎದುರೇ ನುಂಗುತ್ತಿದ್ದ. ಆದರೆ ನಾನು ತರಿಸಿಕೊಟ್ಟ ಚಹಾವನ್ನು ಒಂದು ದಿನವೂ ಕುಡಿಯಲಿಲ್ಲ. ಅದನ್ನು ನಾನು ಫೈಲಿನಲ್ಲಿ ಕಾಯಿಲೆಯ ಲಕ್ಷಣವೆಂದು ಬರೆಯಲಿಲ್ಲ.